ಹೆಸರಿಡುವ ಹಿಂದಿನ ದಿನ ಕರ್ನಲ್ ಬದಲಿಸಿದ್ದು

ನಮ್ಮ ಮನೆಯಲ್ಲಿ ಶುಭಕಾರ್ಯದ ಹಿಂದಿನ ದಿನ ಎಲ್ಲವನ್ನೂ ಒರೆಸಿ ತೊಳೆದು ಇಡುವುದು ರೂಢಿ. ಕಾರ್ಯ ನಮ್ಮ ಮನೆಯಲ್ಲೇ ನಡೆಯಬೇಕೆಂದಿಲ್ಲ. ಅಜ್ಜಂಪುರದಲ್ಲಿ ಯಾರೋ ತೊಟ್ಟಿಲು ಕಟ್ಟಿದರೂ ಕಡೂರಿನಲ್ಲಿ ನಮ್ಮ ಮನೆಯ ಜೇಡರ ಬಲೆ ಇಳಿಯಬೇಕು. ಇದು ನನ್ನ ವಾರಗಿತ್ತಿಯ ಕಾನೂನು. ನನ್ನ ಗಂಡನ ಅಣ್ಣನ ಹೆಂಡತಿ ಅವರು. ನಾನು ಕರೆಯುವುದು ಅಕ್ಕ ಎಂದು. ನಲವತ್ತೆಂಟು ವರ್ಷದಿಂದ ನಮಗೆ ಒಂದೇ ಅಡುಗೆಮನೆ. ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ತೀರಿಹೋದರು, ಅಡುಗೆಮನೆ ಬೇರೆಯಾಗಲಿಲ್ಲ. ಕೊನೆಗೆ ನೋಡಿದರೆ ನಾನು ಮದುವೆಯಾದದ್ದು ಅಕ್ಕನನ್ನೇ ಏನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಶನಿವಾರವೂ ಹಾಗೇ ಮನೆ ತೊಳೆಯುವ ಕಾರ್ಯಕ್ರಮ. ಅಕ್ಕನ ತಮ್ಮನ ಮೊಮ್ಮಗುವಿಗೆ ಮರುದಿನ ಹೆಸರಿಡುವುದಿತ್ತು. ಅವರ ತವರು ಅಜ್ಜಂಪುರ. ಆ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಮೊಟ್ಟಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಈ ಮಗುವಿನ ಅಪ್ಪನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಹಕ್ಕು ಒಂದು ತಲೆಮಾರು ಮೇಲಕ್ಕೆ ಹತ್ತಿ ಅಕ್ಕನ ಬಳಿ ಬಂದು ಕೂತಿತ್ತು. ಆ ಅಪ್ಪನಿಗೂ ಹೆಸರು ಹೇಳಿದ್ದು ಅಕ್ಕನೇ. ಹೆಸರು ಯಾವುದೆಂದು ಅವರು ಮುಂಚೆ ಯಾರಿಗೂ ಬಿಡುವುದಿಲ್ಲ. ಮಗುವಿನ ಮುಖ ನೋಡಬೇಕು, ಆಗ ಹೆಸರು ತಾನಾಗಿ ಬಾಯಿಗೆ ಬರುತ್ತದೆ ಎನ್ನುತ್ತಾರೆ. ಹಾಗೆ ಬಂದ ಹೆಸರುಗಳಲ್ಲಿ ಎರಡು ಮೂರನ್ನು ಮಕ್ಕಳು ದೊಡ್ಡವರಾದ ಮೇಲೆ ಕೋರ್ಟಿಗೆ ಹೋಗಿ ಬದಲಿಸಿಕೊಂಡರು. ಅದನ್ನು ಅಕ್ಕನ ಮುಂದೆ ಎತ್ತುವಂತಿಲ್ಲ.

ಹದಿನೈದು ದಿನ ಮುಂಚೆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದರು. ಮೊಣಕಾಲಿನಿಂದ ಪಾದದವರೆಗೆ ಪ್ಲಾಸ್ಟರ್. ಕಾರಿನಲ್ಲೂ ಹೋಗಕೂಡದು ಎಂದು ಡಾಕ್ಟರು ಹೇಳಿದರು. ಸುದ್ದಿ ಅಜ್ಜಂಪುರಕ್ಕೆ ಮುಟ್ಟಿದ ಹತ್ತೇ ನಿಮಿಷಕ್ಕೆ ಅಕ್ಕನ ತಂಗಿಯ ಫೋನು ಬಂತು. ತಂಗಿ ಇರುವುದು ಅದೇ ಊರಿನಲ್ಲಿ, ತವರಿನಿಂದ ಎರಡು ಬೀದಿ ಆಚೆ. ಎಪ್ಪತ್ತು ದಾಟಿದ ಹೆಂಗಸು. ಅಕ್ಕ ಇರುವವರೆಗೆ ತಂಗಿಗೆ ಆ ಹಕ್ಕು ಇಲ್ಲವಾದ್ದರಿಂದ ಜೀವಮಾನದಲ್ಲಿ ಒಂದು ಮಗುವಿನ ಕಿವಿಯೂ ಅವರಿಗೆ ಸಿಕ್ಕಿರಲಿಲ್ಲ.

"ಅಕ್ಕಾ, ನೀವು ಕಾಲು ನೋಡ್ಕಳಿ. ಮಗು ಕಿವಿ ನಾನು ನೋಡ್ಕತ್ತೀನಿ" ಎಂದರು.

ಅಕ್ಕ ತಕ್ಷಣವೇ, ಕಿವೀಲಿ ಹೇಳೋಕೆ ಕಾಲು ಯಾಕೆ ಬೇಕು, ವಿಡಿಯೋದಲ್ಲಿ ಹೇಳ್ತೀನಿ ಎಂದು ಘೋಷಿಸಿಬಿಟ್ಟರು. ಆಮೇಲೆ ಮಗುವಿನ ಅಪ್ಪ ಎರಡೂ ಕಡೆ ಮಾತಾಡಿ ಒಪ್ಪಂದ ಮಾಡಿಸಿದ. ಭಾನುವಾರ ಹನ್ನೊಂದೂಕಾಲಿಗೆ ನಮ್ಮ ಲ್ಯಾಪ್‌ಟಾಪಿನಿಂದ ಕಾಲ್. ಅವನ ಫೋನನ್ನು ಮಗುವಿನ ಕಿವಿಗೆ ಹಿಡಿಯುವುದು, ಅಕ್ಕ ಇಲ್ಲಿಂದ ಹೆಸರು ಹೇಳುವುದು. ಮುಹೂರ್ತ ಹನ್ನೊಂದು ನಲವತ್ತರವರೆಗೆ. ಅಷ್ಟರಲ್ಲಿ ಲೈನು ಸಿಗದೇ ಹೋದರೆ ಚಿಕ್ಕತ್ತೆ, ಅಂದರೆ ಅಕ್ಕನ ತಂಗಿ, ಹೇಳುವುದು. ವೆರಿ ಫೇರ್, ಎಂದೆ ನಾನು.

ಈಗ ಶನಿವಾರ ಸಂಜೆಯ ವಿಷಯಕ್ಕೆ ಬರುತ್ತೇನೆ. ಅಕ್ಕ ಕುರ್ಚಿಯಲ್ಲಿ ಕೂತು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಗೋಡೆಯ ಶೆಲ್ಫಿನಲ್ಲಿದ್ದ ವೈಫೈ ಡಬ್ಬಿಯನ್ನೂ ಬಿಡಲಿಲ್ಲ. ತೊಡೆಯ ಮೇಲೆ ಇರಿಸಿಕೊಂಡು, ಮಗುವಿಗೆ ಮುಖ ಒರೆಸಿದ ಹಾಗೆ ಒರೆಸಿದರು. ಧೂಳು ಆಗದ ನನಗೆ ಈ ಕೆಲಸಗಳಿಂದ ಎಕ್ಸೆಂಪ್ಶನ್ ಉಂಟು. ಆದರೆ ಬೋರ್ಡಿಂಗ್ ಕಾನ್ವೆಂಟಿನಲ್ಲಿ ಬೆಳೆದವಳಿಗೆ ಎಲ್ಲರೂ ದುಡಿಯುವಾಗ ಕೈಕಟ್ಟಿ ಕೂರುವುದು ಕಷ್ಟ. ನಾನೂ ಏನನ್ನಾದರೂ ಶುಚಿ ಮಾಡೋಣ ಎಂದು ಲ್ಯಾಪ್‌ಟಾಪ್ ತೆರೆದೆ. ಅಪ್‌ಡೇಟ್ ಮಾಡಬೇಕು, ಅಪ್‌ಡೇಟ್ ಮಾಡಬೇಕು ಎಂದು ಎರಡು ವಾರದಿಂದ ಅದು ಬೇಡಿಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಕರ್ನಲ್ ಎಂಬ ಪದವೂ ಇತ್ತು. ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಕರ್ನಲ್ ಎಂದರೆ ಚಿಪ್ಪಿನೊಳಗಿನ ಕಾಯಿ. ಹಳೆಯ ಕಾಯಿ ತೆಗೆದು ಹೊಸದು ಇಡುತ್ತದೆ, ಒಳ್ಳೆಯದೇ ತಾನೆ, ಎಂದುಕೊಂಡೆ. ಎಸ್ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಬಹಳ ಹೊತ್ತು ಗಿರಗಿರ ಎಂದು ಕೆಲಸ ಮಾಡಿತು. ನನಗೆ ಮನೆ ಸಾರಿಸಿದಷ್ಟೇ ತೃಪ್ತಿಯಾಯಿತು. ಆಫ್ ಮಾಡಿ ಮುಚ್ಚಿಟ್ಟು ಹೋಗಿ ಚಪಾತಿಗೆ ಹಿಟ್ಟು ಕಲೆಸಿದೆ.

ಭಾನುವಾರ ಒಂಬತ್ತೂವರೆಗೆ ತೆರೆದು ನೋಡಿದರೆ ನೆಟ್ ಇಲ್ಲ. ಮೇಲೆ ಮೂಲೆಯಲ್ಲಿ ಬೀಸಣಿಗೆಯ ಹಾಗೆ ಇರುತ್ತಿದ್ದ ವೈಫೈ ಗುರುತೇ ಮಾಯ. ಸೆಟ್ಟಿಂಗ್ಸ್ ಒಳಗೆ ಹೋದರೆ, ವೈಫೈ ಅಡಾಪ್ಟರ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಹಳ ಪೊಲೈಟ್ ಆಗಿ ಬರೆದಿತ್ತು. ನಿನ್ನೆ ನಾನು ಒತ್ತಿದ ಎಸ್ ಕಣ್ಣ ಮುಂದೆ ಬಂತು.

ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಶೆಲ್ಫಿನ ಡಬ್ಬಿ ನೋಡಿದರು. ಧ್ವನಿ ತಗ್ಗಿತು.

"ನಾನು ಒದ್ದೆ ಬಟ್ಟೇಲಿ ಒರೆಸಿದ್ಕೆ ಹಿಂಗಾಯ್ತೇನೆ?"

ಇಲ್ಲ ಎನ್ನಬೇಕಾಗಿತ್ತು. ಎನ್ನಲಿಲ್ಲ. ಕೇಳಿಸಲಿಲ್ಲವೆಂಬ ಹಾಗೆ ಕೀಬೋರ್ಡ್ ಊದಿದೆ. ನಲವತ್ತೆಂಟು ವರ್ಷದಲ್ಲಿ ಅಕ್ಕ ತಪ್ಪು ಮಾಡಿ, ನಾನು ಮಾಡದೆ ಇದ್ದ ಸಂದರ್ಭಗಳು ಎಷ್ಟು ಕಡಿಮೆ ಎಂದು ತಿಳಿದವರು ಮಾತ್ರ ನನ್ನನ್ನು ಕ್ಷಮಿಸಿಯಾರು. ಸಾಂಬಾರಿಗೆ ಉಪ್ಪು ಹೆಚ್ಚು ಹಾಕಿದ್ದು ನಾನು, ಹಾಲು ಉಕ್ಕಿಸಿದ್ದು ನಾನು, ಮದುವೆಯಾದ ವರ್ಷವೇ ಅವರ ರೇಷ್ಮೆ ಸೀರೆಗೆ ಇಸ್ತ್ರಿಪೆಟ್ಟಿಗೆಯ ಗುರುತು ಮಾಡಿದ್ದು ನಾನು. ಒಂದೇ ಒಂದು ಬೆಳಗ್ಗೆ ಅವರು ನನ್ನ ಮುಖವನ್ನು ಆ ರೀತಿ, ತಪ್ಪಿತಸ್ಥರಾಗಿ ನೋಡುತ್ತಿದ್ದರು. ಇಟ್ ವಾಸ್ ಡಿಲೀಷಿಯಸ್. ಸ್ವಲ್ಪ ಹೊತ್ತು ಚಪ್ಪರಿಸೋಣ ಎನ್ನಿಸಿತು.

ಅಷ್ಟರಲ್ಲಿ ಅಕ್ಕ, ನಿನ್ ಫೋನಲ್ಲೇ ಮಾಡೇ ವಿಡಿಯೋನ, ಎಂದರು. ನನ್ನ ಫೋನಿಗೆ ಬೇರೆ ಡೇಟಾ ಪ್ಯಾಕ್ ಇಲ್ಲ. ಅದೂ ಮನೆಯ ಡಬ್ಬಿಯ ವೈಫೈ ಕುಡಿದೇ ಬದುಕುವುದು. ಅದು ಅಕ್ಕನಿಗೂ ಗೊತ್ತು. ತೆಗೆದು ನೋಡಿದೆ. ವೈಫೈ ತುಂಬಿ ತುಳುಕುತ್ತಿತ್ತು. ಯಾರೋ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದ್ದರು. ಅಂದರೆ ಡಬ್ಬಿ ಸರಿಯಾಗಿಯೇ ಇದೆ. ಅಂದರೆ ಕೆಟ್ಟಿರುವುದು ಲ್ಯಾಪ್‌ಟಾಪ್. ಅಂದರೆ ನಾನು.

"ಇದಕ್ಕೂ ಅದೇ ಡಬ್ಬಿಯಿಂದ ಬರಬೇಕಲ್ಲ ಅಕ್ಕ, ಇದರಲ್ಲೂ ಇಲ್ಲ" ಎಂದು ಹೇಳಿ ಫೋನಿನ ವೈಫೈ ಆರಿಸಿ ಸೆರಗಿನ ಮರೆಯಲ್ಲಿ ಇರಿಸಿಕೊಂಡೆ. ಮೊದಲನೆಯದು ಬರೀ ಮೌನ, ಇದು ಪೂರ್ತಿ ಸುಳ್ಳು. ಕಾನ್ವೆಂಟಿನ ಲೆಕ್ಕದಲ್ಲಿ ಎರಡಕ್ಕೂ ಬೇರೆ ಬೇರೆ ಶಿಕ್ಷೆ.

ಅಕ್ಕ ಸುಮ್ಮನಿರುವವರಲ್ಲ. ಡಬ್ಬಿಯನ್ನು ಮತ್ತೆ ತೊಡೆಯ ಮೇಲೆ ಇಡಿಸಿಕೊಂಡರು. ನನ್ನಿಂದ ಹಿಡಿ ಉಪ್ಪು, ಒಣಮೆಣಸಿನಕಾಯಿ ತರಿಸಿ, ಅದಕ್ಕೆ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದರು. ತಂಗಿಯ ಕಣ್ಣೇ ತಾಗಿರಬೇಕು ಎಂದು ಅವರ ಅನುಮಾನ. ನಾನು ಆ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕಿ, ಘಾಟಿಗೆ ಕೆಮ್ಮುತ್ತ ಬಂದೆ. ಅಕ್ಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿವೆಯಲ್ಲ ಎಂದರು. ಕೆಲವು ಸಲ ಹಾಗೆ ಸುಳ್ಳುಸುಳ್ಳೇ ಉರಿಯುತ್ತವೆ ಎಂದೆ. ಮೂರನೆಯದು.

ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ ತರೀಕೆರೆಯ ನನ್ನ ಗೆಳತಿಗೆ ಕಾಲ್ ಮಾಡಿದೆ. ನಾವಿಬ್ಬರೂ ಕಾನ್ವೆಂಟಿನಲ್ಲಿ ಒಂದೇ ಬೆಂಚು. ರಜೆಗೆ ಒಂದೇ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆವು. ಅವಳು ತರೀಕೆರೆಯಲ್ಲಿ ಇಳಿಯುತ್ತಿದ್ದಳು, ನಾನು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಲಿಂಗದಹಳ್ಳಿಗೆ. ನಾನು ಪದ್ಯ ಬಾಯಿಪಾಠ ಮಾಡುತ್ತಿದ್ದಾಗ ಅವಳು ಹಾಸ್ಟೆಲಿನ ಕರೆಗಂಟೆ ಬಿಚ್ಚುತ್ತಿದ್ದಳು. ಮುಂದೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ರಿಟೈರ್ ಆದಳು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ಆಮೆಯಾಗಿದ್ದಾಗ, ಒಳಗಿದ್ದದ್ದನ್ನೆಲ್ಲ ತೆಗೆದು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿ ಎಬ್ಬಿಸಿ ಕೂರಿಸಿದ್ದು ಅವಳೇ. ನನ್ನನ್ನು ಕೇಳದೆ ಏನೂ ಅಪ್‌ಡೇಟ್ ಮಾಡಬೇಡ ಎಂದು ಆಗಲೇ ಹೇಳಿದ್ದಳು.

"ಏನು ಮುಟ್ಟಿದೆ?" ಎಂದಳು. ಹಲೋ ಕೂಡ ಇಲ್ಲ.

"ಏನೂ ಇಲ್ಲ ಕಣೇ."

"ಸುಳ್ಳು ಹೇಳೋ ಮುಂಚೆ ಗಂಟಲು ಸರಿ ಮಾಡ್ಕೊಳ್ಳೋದು ಇನ್ನೂ ಬಿಟ್ಟಿಲ್ಲ ನೀನು."

ಅವಳಿಗೆ ಮಾತ್ರ ನಿಜ ಹೇಳಿದೆ. ನನ್ನನ್ನು ಒಳಗೆ ಕಳಿಸಿ, ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆಸಿ, ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದಳು. ಪರದೆಯ ಮೇಲೆ ಬಂದ ನಂಬರು ಓದಿದೆ. ಹೂಂ, ಕರ್ನಲ್ ಬದಲಾಗಿದೆ ಎಂದಳು. ಆಮೇಲೆ ತರಗತಿಗೆ ವಿವರಿಸುವ ಧ್ವನಿಯಲ್ಲಿ ವಿಷಯ ಬಿಡಿಸಿದಳು. ಕರ್ನಲ್ ಅಂದರೆ ತಾಲ್ಲೂಕಿಗೆ ಅಮಲ್ದಾರ್ ಇದ್ದ ಹಾಗೆ. ಒಂದೊಂದು ಉಪಕರಣಕ್ಕೂ ಅಮಲ್ದಾರರ ಹತ್ತಿರ ಒಬ್ಬ ಜವಾನ ಇರುತ್ತಾನೆ, ಅವನೇ ಡ್ರೈವರ್. ನಿನ್ನ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಸರ್ಕಾರಿ ಜವಾನ ಇರಲಿಲ್ಲ, ನಾನೇ ಕೈಯಾರೆ ಒಬ್ಬನನ್ನು ಮಾಡಿ ಹಳೆಯ ಅಮಲ್ದಾರರ ಹತ್ತಿರ ಇಟ್ಟಿದ್ದೆ. ನಿನ್ನೆ ನೀನು ಅಮಲ್ದಾರರನ್ನು ಬದಲಿಸಿದೆ. ಹೊಸಬರು ಬಂದು ಕೂತರು, ಜವಾನ ಹಳಬರ ಬಳಿಯೇ ಉಳಿದ. ಈಗ ಹೊಸ ಸಾಹೇಬರಿಗೆ ವೈಫೈ ಎಂಬುದೊಂದು ಇದೆಯೆಂದೇ ಗೊತ್ತಿಲ್ಲ.

ಹಾಗಾದರೆ ಹಳಬರನ್ನೇ ಕರೆದರೆ ಆಯಿತು ಎಂದೆ. ಅದೇ ಉಪಾಯ ಎಂದಳು. ಹಳೆಯ ಕರ್ನಲ್ ಒಳಗೇ ಇರುತ್ತದೆ. ರೀಸ್ಟಾರ್ಟ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಹಳೆಯ ನಂಬರು ಆರಿಸಿಕೊ. ಶಿಫ್ಟ್ ಒತ್ತಿದೆ. ಪಟ್ಟಿ ಬರಲಿಲ್ಲ, ಹೊಸ ಅಮಲ್ದಾರರೇ ಬಂದರು. ಇನ್ನೊಮ್ಮೆ ಮಾಡಿದೆ. ಮತ್ತೆ ಅವರೇ. ಆಗ ಅವಳಿಗೆ ನೆನಪಾಯಿತು, ನಿನ್ನದರಲ್ಲಿ ಶಿಫ್ಟ್ ಅಲ್ಲ, ಎಸ್ಕೇಪ್. ಎಸ್ಕೇಪನ್ನು ಒಮ್ಮೆ ಸರಿಯಾದ ಗಳಿಗೆಯಲ್ಲಿ ಒತ್ತಬೇಕಂತೆ. ನನ್ನ ಬೆರಳುಗಳಿಗೆ ಗಳಿಗೆ ಗೊತ್ತಾಗುವ ಕಾಲ ಹೋಗಿದೆ. ಹೆದರಿ ಹತ್ತು ಸಲ ಒತ್ತಿದೆ. ಇಡೀ ಪರದೆ ಕಪ್ಪಾಗಿ, ಮೇಲೆ ಮೂಲೆಯಲ್ಲಿ ಗ್ರಬ್ ಎಂಬ ಒಂದು ಪದ ಉಳಿಯಿತು. ಪದ್ಯಗಳಲ್ಲಿ ಓದಿದ್ದ ಗ್ರಬ್ ಎಂದರೆ ಮಣ್ಣಿನ ಹುಳು. ನನ್ನ ಲ್ಯಾಪ್‌ಟಾಪ್ ತನ್ನ ಸಮಾಧಿಯ ವಿಚಾರ ಹೇಳುತ್ತಿದೆಯೋ ಎನ್ನಿಸಿತು. ಜಾಸ್ತಿ ಸಲ ಒತ್ತಿದೆಯಾ ಎಂದು ಗೆಳತಿ ನಕ್ಕಳು. ಪವರ್ ಬಟನ್ ಒತ್ತಿ ಮತ್ತೆ ಶುರು ಮಾಡಿಸಿದಳು. ಮತ್ತೆ ತಪ್ಪಿತು.

ಹನ್ನೊಂದು ಗಂಟೆಯಾಯಿತು. ಮನೆಯ ಲ್ಯಾಂಡ್‌ಲೈನಿಗೆ ಅಜ್ಜಂಪುರದಿಂದ ತಂಗಿಯ ಫೋನು ಬಂತು. ಅಕ್ಕ ಎದ್ದು ಬರುವಂತಿಲ್ಲ, ಆದ್ದರಿಂದ ರಿಸೀವರನ್ನು ನಾನೇ ಎತ್ತಿದೆ. ಎಲ್ಲ ರೆಡಿ, ಮಗುವಿಗೆ ಸ್ನಾನ ಆಯಿತು, ಹೊಸ ಅಂಗಿ ಹಾಕಿದ್ದೇವೆ, ನಿಮ್ಮ ನೆಟ್ ಹೇಗಿದೆ ಎಂದು ವಿಚಾರಿಸಿದರು. ಸ್ವಲ್ಪ ತೊಂದರೆ ಎಂದೆ. ಅಯ್ಯೋ ಪಾಪ ಎಂದರು. ಆ ಅಯ್ಯೋ ಪಾಪದಲ್ಲಿ ಕಾಯಿಹೋಳಿಗೆ ತಿಂದ ಬಾಯಿಯ ಸಿಹಿಯಿತ್ತು.

ರಿಸೀವರ್ ಇಟ್ಟು ತಿರುಗಿದರೆ ಅಕ್ಕ ರೇಷ್ಮೆ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಪ್ಲಾಸ್ಟರ್ ಕಾಲಿನ ಮೇಲೂ ನೆರಿಗೆ ಸರಿಪಡಿಸಿಕೊಂಡು ಕೂತಿದ್ದಾರೆ. ತೊಡೆಯ ಮೇಲೆ ಆ ಡಬ್ಬಿ. ಅದಕ್ಕೆ ಸೆರಗಿನ ತುದಿಯಿಂದ ಗಾಳಿ ಬೀಸುತ್ತಿದ್ದರು, ಒದ್ದೆ ಒಣಗಲಿ ಎಂದು.

"ಆ ಮಗೀಗೆ ನನ್ನ ಬಾಯಿಂದ ಹೆಸ್ರು ಕೇಳೋ ಋಣ ಇಲ್ಲ ಕಣೇ. ನನ್ ಕೈಯಾರೆ ನಾನೇ ಹಾಳು ಮಾಡ್ದೆ" ಎಂದರು.

ಅಳಲಿಲ್ಲ. ಅಕ್ಕ ಅಳುವವರಲ್ಲ. ಬೀಸುತ್ತಲೇ ಇದ್ದರು. ನಾನು ಬೆಳಗ್ಗೆಯಿಂದ ಚಪ್ಪರಿಸುತ್ತಿದ್ದದ್ದು ಬಾಯಿಯಲ್ಲಿ ಕಹಿಯಾಯಿತು.

ಹಿತ್ತಲಿಗೆ ಓಡಿ ಮತ್ತೆ ತರೀಕೆರೆಗೆ. ಇನ್ನೊಂದು ದಾರಿ ಇದೆಯೇ ಎಂದು ಕೇಳಿದೆ. ಗೆಳತಿ, ಯಾಕಿಲ್ಲ, ಬಹಳ ಸುಲಭ ಎಂದಳು. ಫೋನಿನ ಚಾರ್ಜರ್ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚು, ಫೋನಿನ ಸೆಟ್ಟಿಂಗ್ಸಿನಲ್ಲಿ ಟೆದರಿಂಗ್ ಅಂತ ಇರುತ್ತದೆ, ಆನ್ ಮಾಡು. ಫೋನಿಗೆ ಬರುವ ನೆಟ್ಟು ವೈರಿನಲ್ಲಿ ಹರಿದು ಲ್ಯಾಪ್‌ಟಾಪಿಗೆ ಬರುತ್ತದೆ, ಅದಕ್ಕೆ ಆ ಜವಾನ ಬೇಕಾಗಿಲ್ಲ. ನಾನು ಅಯ್ಯೋ ಎಂದು ಹಣೆ ಬಡಿದುಕೊಂಡೆ.

"ಏನಾಯ್ತು?"

"ಫೋನಲ್ಲಿ ನೆಟ್ ಇಲ್ಲ ಅಂತ ಹೇಳ್ಬಿಟ್ಟಿದೀನಿ ಕಣೇ ಅಕ್ಕಂಗೆ."

ಅವಳು ದಖನಿಯಲ್ಲಿ ಏನೋ ಅಂದಳು. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತದ್ದಕ್ಕೆ ನನಗೆ ಅದರ ಅರ್ಥವಾಗುತ್ತದೆ, ಇಲ್ಲಿ ಬರೆಯಲಾಗದು. ಕೊನೆಗೆ ಕನ್ನಡದಲ್ಲಿ, ವೈರಿನ ಕೆಲಸ ನಾನು ಹೇಳಿದೆ, ಬಾಯಿಯ ಕೆಲಸ ನಿನ್ನದು, ಎಂದು ಫೋನಿಟ್ಟಳು.

ಹನ್ನೊಂದು ಇಪ್ಪತ್ತು. ಅಕ್ಕನ ಮುಂದೆ ಹೋಗಿ ನಿಂತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನಿಲ್ಲುವ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

"ಅಕ್ಕ, ಡಬ್ಬಿ ಕೆಟ್ಟಿಲ್ಲ. ನಿನ್ನೆ ನಾನು ಕಂಪ್ಯೂಟರ್ ಒಳಗೆ ಏನೋ ಬದಲಾಯಿಸ್ದೆ, ಅದಕ್ಕೆ ಹೀಗಾಗಿದೆ. ನನ್ನ ಫೋನಲ್ಲಿ ಬೆಳಗ್ಗೆಯಿಂದ ನೆಟ್ ಇದೆ. ನೀವು ಒರೆಸಿದ್ದಕ್ಕೆ ಏನೂ ಆಗಿಲ್ಲ."

ಅಕ್ಕ ಬೀಸುವುದನ್ನು ನಿಲ್ಲಿಸಿದರು. ಡಬ್ಬಿಯನ್ನು ಮೆಲ್ಲಗೆ ಪಕ್ಕದ ಮೇಜಿನ ಮೇಲಿಟ್ಟರು. ನನ್ನನ್ನು ಮೇಲಿಂದ ಕೆಳಕ್ಕೆ ಒಂದು ಸಲ ನೋಡಿದರು.

"ಮೊದ್ಲು ಮಗೀನ್ ತೋರ್ಸು. ನಿನ್ ವಿಚಾರ ಆಮೇಲೆ."

ಫೋನಿನಲ್ಲೇ ಮಾಡಿಬಿಡಲಾ ಎಂದೆ. ಆ ಬೆಂಕಿಪೊಟ್ಟಣದಲ್ಲಿ ಮುಖ ಏನು ಕಾಣುತ್ತದೆ, ದೊಡ್ಡದರಲ್ಲೇ ಬೇಕು ಎಂದರು. ತಪ್ಪಿತಸ್ಥರಾಗಿ ಒಂದು ಬೆಳಗ್ಗೆ ಕಳೆದದ್ದೇ ಸಾಕಾಗಿತ್ತು ಅವರಿಗೆ. ಅಧಿಕಾರ ಪೂರ್ತಿಯಾಗಿ ವಾಪಸು ಬಂದಿತ್ತು. ಫೋನಿನ ವೈಫೈ ಹಾಕಿದೆ. ಚಾರ್ಜರ್ ವೈರು ಚುಚ್ಚಿದೆ. ಟೆದರಿಂಗ್ ಒತ್ತಿದೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಬೀಸಣಿಗೆ ಬರಲಿಲ್ಲ, ಅದರ ಜಾಗದಲ್ಲಿ ಬೇರೆ ಏನೋ ಚಿಕ್ಕ ಗುರುತು ಬಂದು, ಕನೆಕ್ಟೆಡ್ ಎಂದಿತು. ಕಾಲ್ ಹಾಕಿದಾಗ ಹನ್ನೊಂದು ಮೂವತ್ತೊಂದು.

ಪರದೆ ತುಂಬ ಅಜ್ಜಂಪುರ. ಹೆಂಗಸರು, ತೊಟ್ಟಿಲು, ತೊಟ್ಟಿಲಿಗೆ ಕಟ್ಟಿದ ಹೂವು. ಫೋನು ಹಿಡಿದಿದ್ದದ್ದು ತಂಗಿಯೇ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟಿರಲಿಲ್ಲ. ಅಕ್ಕನ ಮುಖ ಕಾಣುತ್ತಲೇ ಅವರ ಮುಖ ಒಂದು ಕ್ಷಣ ಇಳಿಯಿತು, ಮತ್ತೆ ಏರಿತು. ಮಗು ಎಲ್ಲಿ ಎಂದು ಅಕ್ಕ ಕೇಳಿದರು. ಇಲ್ಲೇ ಇದೆ, ಆದ್ರೆ ಧ್ವನಿ ಕಡಿದು ಕಡಿದು ಬರ್ತಿದೆ ಅಕ್ಕಾ, ಕೇಳಿಸ್ತಿಲ್ಲ, ನಾನೇ ಹೇಳಿಬಿಡಲಾ ಎಂದರು. ಕೇಳಿಸದೆ ಇದ್ದರೆ ಉತ್ತರ ಹೇಗೆ ಕೊಡ್ತಿದೀಯ, ಮಗೀನ್ ಹತ್ರ ನಡಿ ಎಂದರು ಅಕ್ಕ. ಅಲ್ಲಿ ಎಲ್ಲರೂ ನಕ್ಕರು, ತಂಗಿಯೂ ನಗಬೇಕಾಯಿತು.

ಮಗುವಿನ ಮುಖ ಪರದೆಗೆ ಬಂತು. ಎಣ್ಣೆ ಸ್ನಾನದ ಕೆಂಪು ಮುಖ, ಕೆನ್ನೆಗೆ ದೃಷ್ಟಿಬೊಟ್ಟು, ನಿದ್ದೆಗಣ್ಣು. ಅಕ್ಕ ಬಹಳ ಹೊತ್ತು ನೋಡಿದರು. ಗಡಿಯಾರದ ಮುಳ್ಳು ಸರಿಯುತ್ತಿತ್ತು. ಆಮೇಲೆ ಅವರು ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ, ಎರಡು ಕೈಯನ್ನೂ ಬಾಯಿಗೆ ಮರೆ ಮಾಡಿ, ಪಿಸುಗುಟ್ಟಿದರು. ಮೂರು ಸಲ. ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ. ಆ ಕಡೆ ತಂಗಿ ಫೋನನ್ನು ಮಗುವಿನ ಕಿವಿಗೆ ಹಿಡಿದು ತಮ್ಮ ಕಿವಿಯನ್ನೂ ಅಲ್ಲೇ ಒಡ್ಡಿದ್ದರು. ಫೋನು ಮತ್ತೆ ಅವರ ಮುಖಕ್ಕೆ ಬಂದಾಗ ಹುಬ್ಬು ಏರಿದ್ದರಲ್ಲೇ ಹೆಸರು ಎಂಥದ್ದೆಂದು ಅರ್ಧ ಗೊತ್ತಾಯಿತು. ಮಗುವಿಗೆ ಬೇಕಾದರೆ ಕೋರ್ಟು ಇದ್ದೇ ಇದೆ.

ಅಕ್ಕನ ತವರಿನಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರೆಲ್ಲ ಸೇರಿ ಗುದ್ದುವ ಪದ್ಧತಿ ಇದೆ. ಆ ಬೆನ್ನು ಈಗ ಕಡೂರಿನಲ್ಲಿತ್ತು. ತಂಗಿ ಫೋನನ್ನು ಎತ್ತಿ ಹಿಡಿದು, ನಮ್ಮೆಲ್ಲರ ಪರವಾಗಿ ನೀವೇ ಹಾಕಿ, ಬಲವಾಗಿ ಹಾಕಿ ಎಂದು ನನಗೆ ಹೇಳಿದರು. ನಲವತ್ತೆಂಟು ವರ್ಷದಲ್ಲಿ ನಾನು ಅಕ್ಕನ ಮೇಲೆ ಕೈ ಎತ್ತಿದವಳಲ್ಲ. ರೇಷ್ಮೆಯ ಕೆಳಗೆ ಬೆನ್ನು ಎಷ್ಟು ಸಣ್ಣದಾಗಿದೆ ಎಂದು ಆಗಲೇ ಕೈಗೆ ತಿಳಿದದ್ದು. ಗುದ್ದಿದೆನೋ ಸವರಿದೆನೋ ಗೊತ್ತಿಲ್ಲ. ಸಾಲದು ಎಂದು ಅಜ್ಜಂಪುರ ಕೂಗಿತು.

ಅಕ್ಕ ನನ್ನ ಕಡೆ ತಿರುಗಿದರು. "ಈಗ ನೀನ್ ಬಗ್ಗು" ಎಂದರು.

ಕ್ಯಾಮೆರಾ ಇನ್ನೂ ಆನ್ ಇತ್ತು. ಬಗ್ಗಿದೆ. ಎಪ್ಪತ್ತೆಂಟು ವರ್ಷದ ಮುಷ್ಟಿ ಅದು ಎಂದು ಯಾರೂ ನಂಬಲಾರರು. ನನ್ನ ಕನ್ನಡಕ ಕೀಬೋರ್ಡಿನ ಮೇಲೆ ಬಿತ್ತು. ತಂಗಿಯ ಮುಖ ಪರದೆಗೆ ಇನ್ನೂ ಹತ್ತಿರ ಬಂತು.

"ಅವ್ರಿಗ್ಯಾಕ್ ಹಾಕಿದ್ರಿ ಅಕ್ಕಾ?"

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಕರ್ನಲ್ಲು, ಸುಳ್ಳು, ಸೆರಗಿನ ಮರೆಯ ಫೋನು, ಎಲ್ಲವನ್ನೂ ಈಗ ಆ ಹೆಂಗಸರ ಮುಂದೆ ಬಿಚ್ಚುತ್ತಾರೆ. ತಂಗಿಯ ಕೈಗೆ ವಿಷಯ ಸಿಕ್ಕರೆ ಸಂಜೆಯೊಳಗೆ ಎರಡು ತಾಲ್ಲೂಕಿಗೂ ತಲುಪುತ್ತದೆ. ಅಕ್ಕ ನನ್ನ ಕನ್ನಡಕ ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

"ನಮ್ ಕಡೂರಲ್ಲಿ ಪದ್ಧತಿ ಹಂಗೇ ಕಣೇ. ಸೋದರತ್ತೆಗೆ ಒಂದು, ಅವಳ ವಾರಗಿತ್ತಿಗೆ ಒಂದು" ಎಂದರು. ಅವರ ಗಂಟಲು ಒಂದಿಷ್ಟೂ ಕದಲಲಿಲ್ಲ. ಇದನ್ನೇ ಪ್ರತಿಭೆ ಎನ್ನುವುದು.

ಮಂಗಳವಾರ ಗೆಳತಿ ರೈಲಿನಲ್ಲಿ ಬಂದು, ಹೊಸ ಅಮಲ್ದಾರರಿಗೂ ಒಬ್ಬ ಜವಾನನನ್ನು ಮಾಡಿಕೊಟ್ಟು, ಊಟ ಮಾಡಿ ಹೋದಳು. ಹೋಗುವ ಮುಂಚೆ ಅಪ್‌ಡೇಟ್ ಕೇಳುವ ಕಿಟಕಿಯೇ ಬರದ ಹಾಗೆ ಏನೋ ಮಾಡಿದಳು. ನನಗೆ ಅವಮಾನವಾಯಿತು.

ಈಚೆಗೆ ಅಜ್ಜಂಪುರದ ಅದೇ ಮನೆತನದಲ್ಲಿ ಇನ್ನೊಂದು ಹೆಸರಿಡುವುದು ಆಯಿತು. ಪ್ಲಾಸ್ಟರ್ ತೆಗೆದಿದ್ದರಿಂದ ನಾವಿಬ್ಬರೂ ಹೋಗಿದ್ದೆವು. ಈ ಸಲ ಮಗುವಿನ ಅಪ್ಪನಿಗೆ ಸ್ವಂತ ಅಕ್ಕನೇ ಇದ್ದಳು, ಅವಳೇ ಹೆಸರು ಹೇಳಿದಳು, ಬೆನ್ನಿಗೆ ಗುದ್ದೂ ತಿಂದಳು. ಆಮೇಲೆ ಹೆಂಗಸರೆಲ್ಲ ಸೇರಿ ಮೂಲೆಯಲ್ಲಿ ಬಾಳೆಹಣ್ಣು ಸುಲಿಯುತ್ತ ನಿಂತಿದ್ದ ಅವಳ ವಾರಗಿತ್ತಿಯನ್ನು ಎಳೆದುಕೊಂಡು ಬಂದರು. ಅವಳು ಯಾಕೆ ಯಾಕೆ ಎಂದು ಬಿಡಿಸಿಕೊಳ್ಳುತ್ತಿದ್ದಳು. ಅಕ್ಕನ ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, ಸುಮ್ನೆ ಬಗ್ಗಮ್ಮ, ಕಡೂರಿನವರ ಕಾಲದಿಂದ ನಡ್ಕೊಂಡು ಬಂದಿರೋದು, ಎಂದರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ತೊಟ್ಟಿಲಿನ ಹೂವು ಸರಿಪಡಿಸುತ್ತಿದ್ದರು.